ಬಟ್ಟಲಿನ ಮೇಣ

ವಿಜಯೇಂದ್ರನ ಪ್ರಬಂಧದಲ್ಲಿ ಮನುಷ್ಯರೇ ಇರಲಿಲ್ಲ. ಕೆರೆಯ ನೀರು ತೂಬಿನಿಂದ ಹೊರಟು, ಕಾಲುವೆಯಲ್ಲಿ ಹರಿದು, ಗದ್ದೆಗಳಿಗೆ ಹಂಚಿಹೋಗುವ ಬಗೆಯನ್ನು ಅವನು ಒಂದು ದಪ್ಪ ಸಂಪುಟದಷ್ಟು ಇಂಗ್ಲಿಷಿನಲ್ಲಿ ಬರೆದಿದ್ದ. ಆದರೆ ತೂಬನ್ನು ಎತ್ತಿದವನು ಯಾರು, ತುತ್ತತುದಿಯ ಗದ್ದೆಯ ಬದುವಿನ ಮೇಲೆ ನೀರಿಗಾಗಿ ಕಾದು ಕೂತವಳು ಯಾರು ಎಂಬ ಮಾತು ಅದರಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಪಾಂಡವಪುರದ ಬಸ್ ನಿಲ್ದಾಣದ ಮಗ್ಗುಲಲ್ಲಿ ಬೋರ್ಡು ಬರೆಯುವ ತಿಮ್ಮರಾಜು ಅದನ್ನು ಹಲವು ಮಧ್ಯಾಹ್ನಗಳ ಕಾಲ ಕಿವಿಯಿಂದಲೇ ಓದಿದ. ವಿಜಯೇಂದ್ರ ಅಂಗಡಿಯ ಬೆಂಚಿನ ಮೇಲೆ ಕೂತು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ಬಿಡಿಸಿ ಹೇಳುತ್ತಿದ್ದ. ತಿಮ್ಮರಾಜು ಟ್ರಾಕ್ಟರಿನ ತಗಡಿಗೆ ಹೂಬಳ್ಳಿ ಬರೆಯುತ್ತ ಕೇಳುತ್ತಿದ್ದ.

ವಿಜಯೇಂದ್ರ ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವನು. ಡಾಕ್ಟರೇಟ್ ಬಂದ ಮೇಲೆ ಮೈಸೂರಿನ ಒಂದು ಜಲ ಅಧ್ಯಯನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದ. ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಬೇಕೆಂಬ ಉತ್ಸಾಹ ಎಲ್ಲೆಡೆ ಹಬ್ಬಿದ್ದ ಕಾಲ ಅದು. ಅವನ ಪ್ರಬಂಧವನ್ನು ಓದು ಬಾರದವರೂ ಓದುವಂತೆ ದೊಡ್ಡ ಬಟ್ಟೆಯ ಪಟಗಳಾಗಿ ಬರೆಯಿಸಿ ಹಳ್ಳಿಗಳಲ್ಲಿ ತೋರಿಸುವುದೆಂದು ಕೇಂದ್ರ ತೀರ್ಮಾನಿಸಿತು. ಚಿತ್ರಕಲಾ ಶಾಲೆಯ ಇಬ್ಬರು ಬರೆದುಕೊಟ್ಟ ಮಾದರಿಗಳಲ್ಲಿ ಬರೀ ಬಾಣಗಳೂ ಚೌಕಗಳೂ ಇದ್ದವು. ಆಮೇಲೆ ಯಾರೋ ತಿಮ್ಮರಾಜುವಿನ ಹೆಸರು ಹೇಳಿದರು. ಸಿನಿಮಾ ಬ್ಯಾನರು, ಗೊಬ್ಬರದ ಗೋಡೆಬರಹ, ನಾಟಕದ ಪರದೆ, ಯಾವುದಕ್ಕೆ ಕರೆದರೂ ಬಣ್ಣದ ಪೆಟ್ಟಿಗೆಯನ್ನು ಬಸ್ಸಿನ ಮೇಲೇರಿಸಿ ಹೊರಟುಬಿಡುವವನು. ಎಲ್ಲಿ ಕತ್ತಲಾಯಿತೋ ಅಲ್ಲಿ ಮಲಗುವವನು.

ಕೆಲಸ ಅವನಿಗೆ ಹಿಡಿಸಿತು. ಕಾಲುವೆಯುದ್ದಕ್ಕೂ ನೀರು ಇಂಗಿ ಕಳೆದುಹೋಗುವುದನ್ನು ಹೇಳುವ ಅಂಕಿಗಳ ಪಟ್ಟಿಯನ್ನು ಅವನು ತೂತು ಕೊಡ ಹೊತ್ತು ನಡೆಯುವ ಹೆಂಗಸಾಗಿ ಮಾಡಿದ. ತೂಬಿನ ಹತ್ತಿರ ತುಂಬಿದ ಕೊಡ. ನಡುವೆ ಹೊಂಗೆಯ ಸಾಲಿನಲ್ಲಿ ಅರ್ಧ. ಕಡೆಯ ಗದ್ದೆಯಲ್ಲಿ ಅವಳು ಅಂಗೈಯಿಂದ ಕೊಡದ ತಳವನ್ನು ಒರೆಸಿಕೊಳ್ಳುತ್ತಿದ್ದಾಳೆ. ಅದನ್ನು ಕಂಡು ವಿಜಯೇಂದ್ರ ಬೆಂಚಿನಿಂದ ಎದ್ದು ಹತ್ತಿರ ಬಂದ. ತಾನು ಎರಡು ವರ್ಷ ಅಳೆದದ್ದು ಇಷ್ಟೇ ಎಂದು ನಕ್ಕ. ಅಂದಿನಿಂದ ಅವನು ತಿಮ್ಮರಾಜುವನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ. ಅದುವರೆಗೆ ಓದು ಕಲಿತವರಾರೂ ಅವನನ್ನು ಹಾಗೆ ಮಾತಾಡಿಸಿರಲಿಲ್ಲ.

ತೊಡಕು ಬಂದದ್ದು ಕೊನೆಯ ಅಧ್ಯಾಯದಲ್ಲಿ. ನೀರಿನ ಸರದಿಯ ಕಾಲಮಾನದಲ್ಲಿ ಕಡೆಯ ಹಿಡುವಳಿಗಳ ಪರವಾಗಿ ಕೆಲವು ಅನೌಪಚಾರಿಕ ಹೊಂದಾಣಿಕೆಗಳು ಕಂಡುಬರುತ್ತವೆ ಎಂದು ವಿಜಯೇಂದ್ರ ಓದಿ ಹೇಳಿದ.

ತಿಮ್ಮರಾಜು ಕುಂಚವನ್ನು ಕೆಳಗಿಟ್ಟ. "ಇದ್ರಲ್ಲಿ ಯಾರು ಏನ್ ಮಾಡ್ತಾವ್ರೆ ಸಾ? ಒಂದು ಕೈ ಆದ್ರೂ ಕಾಣ್ಬೇಕಲ್ಲ, ಬರಿಯಾಕೆ."

ವಿಜಯೇಂದ್ರ ರಸ್ತೆಯ ಕಡೆ ನೋಡಿದ. ಆಮೇಲೆ ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡು, ಪ್ರಬಂಧದಲ್ಲಿ ಬರೆಯದಿದ್ದುದನ್ನು ಹೇಳಿದ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿಯಿಂದ ಒಳಕ್ಕೆ, ಹಿರೀಕೆರೆ ಕೊಪ್ಪಲು ಎಂಬ ಊರು. ಅಲ್ಲಿಯ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯ ಹೆಸರು ಕರಿಯಯ್ಯ. ಸರದಿಯನ್ನು ಅವನು ಗಡಿಯಾರದಿಂದ ಅಳೆಯುತ್ತಿರಲಿಲ್ಲ. ತಳದಲ್ಲಿ ಸೂಜಿಗಾತ್ರದ ತೂತಿರುವ ತಾಮ್ರದ ಬಟ್ಟಲನ್ನು ಹಂಡೆಯ ನೀರಿನ ಮೇಲೆ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಬ್ಬರ ಸರದಿ ಮುಗಿಯಿತು. ಊರಿನ ಕೈಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದುದರಿಂದ ಬಟ್ಟಲಿನ ಮಾತೇ ಕೊನೆಯ ಮಾತು. ತೂಬಿನ ಬುಡದ ಗದ್ದೆಗೂ ಒಂದು ಮುಳುಗು, ತುತ್ತತುದಿಯ ಗದ್ದೆಗೂ ಒಂದು ಮುಳುಗು. ಆದರೆ ನೀರು ತುದಿಗೆ ನಡೆದು ತಲುಪುವ ಹೊತ್ತಿಗೆ ಬಟ್ಟಲು ಅರ್ಧ ತುಂಬಿರುತ್ತಿತ್ತು. ಆದ್ದರಿಂದ ತುದಿಯ ಗದ್ದೆಗಳ ಸರದಿ ಬಂದಾಗ ಕರಿಯಯ್ಯ ಬಟ್ಟಲಿನ ತೂತಿಗೆ ಹೆಬ್ಬೆರಳಿನಿಂದ ಒಂದಿಷ್ಟು ಜೇನುಮೇಣ ಒತ್ತಿಬಿಡುತ್ತಿದ್ದ. ತೂತು ಕಿರಿದಾಗುತ್ತಿತ್ತು, ಬಟ್ಟಲು ತಡವಾಗಿ ಮುಳುಗುತ್ತಿತ್ತು. ತುದಿಯಲ್ಲಿ ಗದ್ದೆ ಮಾಡುವ ಮಾಯಮ್ಮನಂಥವರ ಪೈರು ನೆನೆಯುತ್ತಿತ್ತು. ತೂಬಿನ ಬುಡದ ಗೌಡರಿಗೆ ಇದು ತಿಳಿಯದು.

ಇದು ಕಳ್ಳತನವಲ್ಲ, ನ್ಯಾಯ. ಇದೇ ನನ್ನ ಪ್ರಬಂಧದ ಪ್ರಾಣ, ಎಂದ ವಿಜಯೇಂದ್ರ. ಕರಿಯಯ್ಯ ತನ್ನನ್ನು ನಂಬಿ ತೋರಿಸಿದ್ದಾನೆಂದೂ, ಅವನ ಹೆಸರಾಗಲಿ ಊರಾಗಲಿ ಹೊರಬೀಳದಂತೆ ತಾನು ಮಾತು ಕೊಟ್ಟಿರುವುದಾಗಿಯೂ, ಈ ಪಟಗಳು ಆ ತಾಲ್ಲೂಕಿಗೆ ಕಾಲಿಡುವುದೇ ಇಲ್ಲವೆಂದೂ ಹೇಳಿದ.

ತಿಮ್ಮರಾಜು ಮುಂದಿನ ವಾರ ಬಸ್ಸು ಹತ್ತಿದ. ಕಾಣದ ಕೈಯನ್ನು ಅವನು ಬರೆಯಲಾರ.

ತೂಬಿನ ಪಕ್ಕದ ಅತ್ತಿಮರದಡಿ ಕರಿಯಯ್ಯ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಮುದುಕ, ಎಡಗೈ ಹೆಬ್ಬೆರಳಿನ ಉಗುರು ಯಾವುದೋ ಕಾಲದಲ್ಲಿ ತೂಬಿನ ಕಲ್ಲಿಗೆ ಸಿಕ್ಕಿ ನಡುವೆ ಸೀಳಿ, ಹಾಗೆಯೇ ಬೆಳೆದಿತ್ತು. ವಿಜಯೇಂದ್ರ ಬರೆದುಕೊಟ್ಟ ಚೀಟಿಯನ್ನು ತಿಮ್ಮರಾಜು ತೆಗೆಯುವುದಕ್ಕೆ ಮೊದಲೇ ಅವನು, ಶ್ರೀರಂಗಪಟ್ಟಣದ ಅಯ್ನೋರ ಕಡೆಯವನೇ ಎಂದು ಕೇಳಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಅಯ್ನೋರು ಒಂದು ಮಳೆಗಾಲವೆಲ್ಲ ಇದೇ ಮರದಡಿ ಕೂತಿದ್ದರಂತೆ. ಅವರ ಮೈಗೆ ಜ್ವರ ಬಂದಾಗ ಕರಿಯಯ್ಯನ ಹೆಂಡತಿ ದ್ಯಾವಮ್ಮ ಗಂಜಿ ಕಾಸಿ ಕೊಟ್ಟಿದ್ದಳಂತೆ. ಯಾವ ಎಗ್ಗೂ ಇಲ್ಲದೆ ಕುಡಿದರಂತೆ. ಅದನ್ನು ಹೇಳುವಾಗ ಮುದುಕನ ಮುಖ ಅರಳಿತು.

ಆ ದಿನವೆಲ್ಲ ತಿಮ್ಮರಾಜು ಆ ಕೈಯನ್ನು ಬರೆದುಕೊಂಡ. ಮೇಣವನ್ನು ಕಿವಿಯ ಹಿಂದಿನಿಂದ ತೆಗೆಯುವುದು, ಉಸಿರಿನಿಂದ ಬೆಚ್ಚಗೆ ಮಾಡುವುದು, ಸೀಳಿದ ಉಗುರಿನ ಅಂಚಿನಿಂದ ತೂತಿನ ಒಂದು ಮಗ್ಗುಲಿಗೆ ಮಾತ್ರ ಸವರುವುದು. ಕರಿಯಯ್ಯ ನಾಚಿಕೊಳ್ಳುತ್ತಲೇ ಮತ್ತೆ ಮತ್ತೆ ಮಾಡಿ ತೋರಿಸಿದ. ಸಂಜೆಯ ಹೊತ್ತಿಗೆ ಇಬ್ಬರಿಗೂ ಸಲಿಗೆ ಬೆಳೆದಿತ್ತು. ಸಿಕ್ಕಿಬಿದ್ದರೆ ಏನು ಗತಿ ಎಂದು ತಿಮ್ಮರಾಜು ಕೇಳಿದ. ಮುದುಕ ಸುತ್ತ ನೋಡಿದ.

"ಈ ಮೇಣ ನನ್ ಬುದ್ಧಿ ಅಂದ್ಕಂಡ್ಯಾ? ದೊಡ್ಗೌಡ್ರು ಹೊನ್ನಪ್ನೋರು, ಈಗ್ಲ ಕೆರೆ ಸಮಿತಿ ಚಲುವರಾಜುನ ಅಪ್ಪ, ತಾವೇ ತಂದ್ಕೊಟ್ರು ಕಣಪ್ಪ. ತುದೀಲಿ ಪೈರು ಒಣಗ್ತಾವೆ ಕಣ್ಲಾ ಕರಿಯ, ನನ್ ತಮ್ದೀರು ಒಂದು ತೊಟ್ಟು ಬುಡಾಕಿಲ್ಲ. ನೀನು ಮಾಡು, ನಾನ್ ನೋಡಿಲ್ಲ ಅಂದ್ರು. ಸಾಯೋಗಂಟ ನೋಡ್ಲೇ ಇಲ್ಲ. ಬಟ್ಲು ತೇಲ್ಬುಟ್ಟಾಗ ಮಕ ಆ ಕಡೀಕೆ ತಿರುಗುಸ್ಬುಡೋರು."

ಇದು ಅಯ್ನೋರಿಗೆ ಗೊತ್ತೇ ಎಂದು ತಿಮ್ಮರಾಜು ಕೇಳಿದ. ಇಲ್ಲ, ಯಾರಿಗೂ ಹೇಳಿಲ್ಲ ಎಂದ ಕರಿಯಯ್ಯ. ಸತ್ತವರ ಗುಟ್ಟು, ಇದು ಪಟಕ್ಕೆ ಬರೆಯುವುದಲ್ಲ ಎಂದು ತಿಮ್ಮರಾಜುವಿನ ಕೈ ಹಿಡಿದು ಭಾಷೆ ತೆಗೆದುಕೊಂಡ.

ಪಟವನ್ನು ತಿಮ್ಮರಾಜು ಶ್ರೀರಂಗಪಟ್ಟಣದಲ್ಲಿ, ವಿಜಯೇಂದ್ರನ ಮನೆಯ ಹಿತ್ತಿಲಿನಲ್ಲಿ ಬರೆದ. ಮುದುಕನನ್ನು ಮರೆಮಾಡಲು ಅವನು ಪಟ್ಟ ಪಾಡು ಕೆಲಸಕ್ಕಿಂತ ಹೆಚ್ಚಿನದು. ಮುಖವನ್ನು ಚೌಕಟ್ಟಿನಿಂದ ಹೊರಗಿಟ್ಟ. ಅತ್ತಿಮರವನ್ನು ಅರಳಿಮರ ಮಾಡಿದ. ಎಡಗೈಯನ್ನು ಬಲಗೈ ಮಾಡಿದ. ಸೀಳಿದ ಉಗುರನ್ನು ನೆಟ್ಟಗೆ ಮಾಡಿದ. ತೂಬಿನ ಕಂಬದ ಕೆತ್ತನೆಯನ್ನು ಒರೆಸಿಹಾಕಿದ. ಹೀಗೆ ಒಂದೊಂದನ್ನು ಬದಲಿಸಿದಾಗಲೂ ಇಷ್ಟು ಸಾಕೇ ಎಂದು ವಿಜಯೇಂದ್ರನನ್ನು ಕೇಳಿದ. ವಿಜಯೇಂದ್ರ ಕಾಫಿಯ ಲೋಟ ಹಿಡಿದು ನಿಂತು, ಸಾಕು, ಇನ್ನು ಯಾರೂ ಗುರುತು ಹಿಡಿಯಲಾರರು, ಎನ್ನುತ್ತಿದ್ದ. ಕೈಯೊಂದನ್ನು ಮಾತ್ರ ತಿಮ್ಮರಾಜು ಮನಸ್ಸಿಟ್ಟು ಬರೆದ. ಬೆರಳಿನ ಗಂಟು, ಅಂಗೈಯ ಒರಟು, ಮೇಣವನ್ನು ಒತ್ತುವಾಗಿನ ಆ ಮೃದುತನ. ಹಸುಗೂಸಿನ ಕಣ್ಣಿಗೆ ಕಾಡಿಗೆ ಹಚ್ಚುವ ಕೈಯಂತೆ ಅದು ಮೂಡಿಬಂತು.

ಮೊದಲ ಪ್ರದರ್ಶನ ನಾಗಮಂಗಲದಲ್ಲಿ ನಡೆಯಿತು. ಬಿದಿರು ಗಳುಗಳಿಗೆ ಪಟಗಳನ್ನು ಇಳಿಬಿಟ್ಟು, ತಿಮ್ಮರಾಜು ಕೋಲು ಹಿಡಿದು ಕಥೆ ಹೇಳಿದ. ತೂತು ಕೊಡದ ಹೆಂಗಸನ್ನು ಕಂಡು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಬಟ್ಟಲಿನ ಪಟ ಇಳಿದಾಗ ಮಾತ್ರ ಯಾರೂ ನಗಲಿಲ್ಲ. ಒಬ್ಬ ಮುದುಕ ಎದ್ದು ಬಂದು ಪಟದ ಕೈಯನ್ನು ಮುಟ್ಟಿ ನೋಡಿ, ಇಂಥೋನೊಬ್ಬ ನಮ್ಮೂರಲ್ಲೂ ಇರಬೇಕಿತ್ತು ಎಂದ. ಕೇಂದ್ರದ ನಿರ್ದೇಶಕಿ ಕೌಸಲ್ಯ ಮೈಸೂರಿನಿಂದ ಅದನ್ನು ನೋಡಲೆಂದೇ ಬಂದಿದ್ದರು. ವಿಜಯೇಂದ್ರನ ಕೆಲಸ ಕಾಯಂ ಆಗುವುದು ಅವರ ಮಾತಿನ ಮೇಲೆ ನಿಂತಿತ್ತು. ಇದನ್ನು ನೀವು ಅಧ್ಯಯನ ಮಾಡಿದ ಊರಿನಲ್ಲಿಯೇ ತೋರಿಸದೆ ಹೇಗಿರುತ್ತೀರಿ ಎಂದು ಅವರು ಕೇಳಿದರು. ತೋರಿಸೋಣ ಎಂದ ವಿಜಯೇಂದ್ರ, ಒಂದು ಗಳಿಗೆಯೂ ತಡೆಯದೆ.

ಬಸ್ಸಿನಲ್ಲಿ ತಿಮ್ಮರಾಜು ಅವನ ಪಕ್ಕ ಕೂತು, ಕೊಟ್ಟ ಮಾತನ್ನು ನೆನಪಿಸಿದ. ವಿಜಯೇಂದ್ರ ಅವನ ತೊಡೆ ತಟ್ಟಿದ. ಬೇರೆಲ್ಲ ಪಟಗಳನ್ನು ತೋರಿಸೋಣ. ಬಟ್ಟಲಿನ ಪಟ ಸುತ್ತಿದ್ದು ಸುತ್ತಿದಂತೆಯೇ ಇರುತ್ತದೆ, ನನ್ನಾಣೆ, ಎಂದ. ತಿಮ್ಮರಾಜು ನಂಬಿದ. ಕರಿಯಯ್ಯನ ಮನೆಯ ಗಂಜಿ ಕುಡಿದವನಲ್ಲವೆ.

ಹಿರೀಕೆರೆ ಕೊಪ್ಪಲಿನಲ್ಲಿ ಹಾಲಿನ ಡೇರಿಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಕೆರೆ ಸಮಿತಿಯ ಅಧ್ಯಕ್ಷ ಚಲುವರಾಜು ಮುಂದಿನ ಸಾಲಿನಲ್ಲಿ, ತೀರಿಕೊಂಡ ತನ್ನ ತಂದೆ ಹೊನ್ನಪ್ಪನವರಂತೆಯೇ ಮೇಲುವಸ್ತ್ರವನ್ನು ಮಡಚಿ ಹೆಗಲಿಗೆ ಹಾಕಿ ಕೂತಿದ್ದ. ಕಡೆಯಲ್ಲಿ, ಚಪ್ಪರದ ಕಂಬಕ್ಕೆ ಒರಗಿ, ಕರಿಯಯ್ಯನೂ ದ್ಯಾವಮ್ಮನೂ ನಿಂತಿದ್ದರು. ತಿಮ್ಮರಾಜುವನ್ನು ಕಂಡು ಮುದುಕ ಗುರುತಿನ ನಗೆ ನಕ್ಕ. ಪಟಗಳು ಒಂದೊಂದಾಗಿ ಇಳಿದವು. ಕೊಡದ ಹೆಂಗಸಿನ ಪಟಕ್ಕೆ, ಅದು ಮಾಯಮ್ಮನೇ ಎಂದು ಯಾರೋ ಕೂಗಿದರು, ಅಂಗಿದ್ರೆ ಸೀರೆನಾದ್ರೂ ವಸಾದು ಬರೀಬಾರ್ದಿತ್ತಾ ಎಂದು ಮಾಯಮ್ಮ ತಿರುಗಿಸಿ ಕೊಟ್ಟಳು, ಚಪ್ಪರವೇ ನಕ್ಕಿತು. ತಿಮ್ಮರಾಜು ಕೋಲನ್ನು ಕಂಕುಳಲ್ಲಿಟ್ಟು, ಇಷ್ಟೇ ನಮ್ಮ ಕಥೆ ಎಂದು ಕೈಮುಗಿದ.

"ಬಟ್ಟಲಿನ ಚಿತ್ರ ಎಲ್ಲಿ? ಅದೇ ಮುಖ್ಯವಾದದ್ದಲ್ಲವೆ?" ಎಂದರು ಕೌಸಲ್ಯ.

ವಿಜಯೇಂದ್ರ ತಿಮ್ಮರಾಜುವನ್ನು ನೋಡಲಿಲ್ಲ. ತಾನೇ ಎದ್ದು, ಮೂಲೆಯಲ್ಲಿದ್ದ ಸುರುಳಿಯ ದಾರವನ್ನು ಬಿಚ್ಚಿ, ಗಳುವಿಗೆ ಕಟ್ಟಿದ. ಬಟ್ಟೆ ಸರ್ರೆಂದು ಇಳಿಯಿತು.

ನಗು ಎಲ್ಲಿತ್ತೋ ಅಲ್ಲಿಯೇ ನಿಂತುಹೋಯಿತು. ಅರಳಿಮರವನ್ನು ಯಾರೂ ನೋಡಲಿಲ್ಲ. ಬಲಗೈಯೋ ಎಡಗೈಯೋ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಬಟ್ಟಲಿನ ಮೇಲಿತ್ತು. ಚಲುವರಾಜು ನಿಧಾನವಾಗಿ ಎದ್ದ.

"ಬಟ್ಲು ಇಡೋದು ಈ ಸೀಮೇಲಿ ನಮ್ಮೂರೊಂದೇ ಅಲ್ವಾ?" ಎಂದ ಅವನು. ಧ್ವನಿ ಏರಿರಲಿಲ್ಲ.

ತಿಮ್ಮರಾಜುವಿಗೆ ಆಗ ಹೊಳೆಯಿತು. ಅವನು ನಾಲೆಯ ಸೀಮೆಯಲ್ಲಿ ಹುಟ್ಟಿದವನು. ಅಲ್ಲಿ ಇಲಾಖೆಯವರು ಗೇಟು ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಕೆರೆಯ ಊರುಗಳಲ್ಲೆಲ್ಲ ಇಂಥ ಬಟ್ಟಲುಗಳು ಇರುತ್ತವೆಂದೇ ಅವನು ತಿಳಿದಿದ್ದ. ಮುಖವನ್ನೂ ಮರವನ್ನೂ ಉಗುರನ್ನೂ ಅಡಗಿಸಿ, ಊರಿನ ಹೆಸರಿಗಿಂತ ದೊಡ್ಡ ಗುರುತನ್ನು ಪಟದ ನಟ್ಟನಡುವೆ ಬರೆದಿಟ್ಟಿದ್ದ. ಅವನು ವಿಜಯೇಂದ್ರನ ಮುಖ ನೋಡಿದ. ಅಲ್ಲಿ ಆಶ್ಚರ್ಯವಿರಲಿಲ್ಲ. ಈ ಕ್ರಮ ಬೇರೆಲ್ಲಿಯೂ ಉಳಿದಿಲ್ಲ ಎಂಬುದೇ ಆ ಪ್ರಬಂಧದ ಹೆಗ್ಗಳಿಕೆಯಾಗಿತ್ತು; ಆ ಪುಟವನ್ನು ಮಾತ್ರ ವಿಜಯೇಂದ್ರ ಬೆಂಚಿನ ಮೇಲೆ ಕೂತು ಓದಿ ಹೇಳಿರಲಿಲ್ಲ. ಹಿತ್ತಿಲಿನಲ್ಲಿ ಕಾಫಿ ಕುಡಿಯುತ್ತ, ತಿಮ್ಮರಾಜು ಒಂದೊಂದು ಗುರುತನ್ನು ಅಳಿಸುವುದನ್ನು ನೋಡುತ್ತ, ಸಾಕು ಎಂದವನು ಎಲ್ಲವನ್ನೂ ತಿಳಿದೇ ಎಂದಿದ್ದ.

ತಿಮ್ಮರಾಜು ಕೋಲನ್ನು ಎತ್ತಿಕೊಂಡು ಜನರ ಮುಂದೆ ಬಂದ.

"ಮೇಣ ನಂದು ಗೌಡ್ರೆ. ನಿಮ್ಮೂರ್ ಬಟ್ಲು ನೋಡಿದ್ದೆ, ಚೆಂದಾಗಿತ್ತು, ಬರ್ದೆ. ಬರೀ ಬಟ್ಲು ಬರುದ್ರೆ ಕಥೇಲಿ ರುಚಿ ಇರಾಕಿಲ್ಲ ಅಂತ ಮೇಣ ನಾನೇ ಸೇರುಸ್ದೆ. ನಾಟಕದ ಪರದೆ ಬರಿಯೋನು ನಾನು, ಸುಳ್ಳು ಬರಿಯೋದೇ ನನ್ ಕಸುಬು."

ಯಾರೋ ನಕ್ಕರು. ಹಿಂದಿನಿಂದ ಒಬ್ಬ, ಬಣ್ಣದೋನ್ ಮಾತು ಕಟ್ಕಂಡು ಊರು ಕಾದಾಡ್ಬೇಕಾ ಬುಡ್ಲಾ ಎಂದ. ಚಲುವರಾಜುವಿನ ಹುಬ್ಬು ಸಡಿಲವಾಯಿತು. ಅವನು ಕೂರಲೆಂದು ಮೇಲುವಸ್ತ್ರವನ್ನು ಸರಿಪಡಿಸಿಕೊಂಡ. ಕಂಬದ ಬಳಿ ಕರಿಯಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಅಷ್ಟಕ್ಕೇ ಮುಗಿಯಬಹುದಿತ್ತು.

ಆದರೆ ಕೌಸಲ್ಯ ಪೆನ್ನನ್ನು ಕೆಳಗಿಟ್ಟಿದ್ದರು. "ಅಂದರೆ ಇದು ಕಲ್ಪನೆಯೇ, ವಿಜಯೇಂದ್ರ?" ಎಂದು ಕೇಳಿದರು.

ವಿಜಯೇಂದ್ರನ ಮುಖ ಕೆಂಪೇರಿತು. ಹೌದು ಎಂಬ ಎರಡಕ್ಷರ ಅವನ ಬಾಯಿಯಿಂದ ಬಂದಿದ್ದರೆ ಸಾಕಿತ್ತು. ತಿಮ್ಮರಾಜು ಅದನ್ನು ಕಣ್ಣಿನಲ್ಲಿಯೇ ಬೇಡಿಕೊಂಡ.

"ಕಲ್ಪನೆಯಲ್ಲ, ಮೇಡಂ. ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ಮಾಡಿದವರು ಇಲ್ಲಿಯೇ ಇದ್ದಾರೆ," ಎಂದ ವಿಜಯೇಂದ್ರ. ಆಮೇಲೆ, ಆಡಿದ ಮಾತಿಗೆ ತಾನೇ ಬೆದರಿದವನಂತೆ, ಅದನ್ನು ಸನ್ಮಾನವನ್ನಾಗಿ ಮಾಡಲು ಹೊರಟ. ಕರಿಯಯ್ಯನವರು ಈ ಊರಿನ ಹೆಮ್ಮೆ ಎಂದ. ಕಾಗದ ಕಾನೂನುಗಳಿಲ್ಲದೆ ನ್ಯಾಯ ನಡೆಸಿದವರು ಎಂದ. ಕೌಸಲ್ಯ ಅವರಿಗೆಂದು ತಂದಿದ್ದ ಹಾರವನ್ನೂ ಶಾಲನ್ನೂ ಮೇಜಿನ ಮೇಲಿನಿಂದ ತೆಗೆದುಕೊಂಡು ಜನರ ನಡುವೆ ನಡೆದು ಹೋಗಿ, ಕಂಬಕ್ಕೆ ಒರಗಿದ್ದ ಮುದುಕನ ಕೊರಳಿಗೆ ಹಾಕಿದ. ಚಪ್ಪಾಳೆಗಾಗಿ ತಿರುಗಿ ನೋಡಿದ. ಕೌಸಲ್ಯ ಒಬ್ಬರೇ ತಟ್ಟಿದರು, ಎರಡು ಸಲ ತಟ್ಟಿ ಅವರೂ ನಿಲ್ಲಿಸಿದರು.

ಚಲುವರಾಜು ಬಟ್ಟಲನ್ನು ತರಹೇಳಿದ. ತಂದರು. ಅವನು ಅದನ್ನು ಬೋರಲು ಹಾಕಿ, ತೂತಿನ ಸುತ್ತ ಉಗುರಿನಿಂದ ಗೀರಿದ. ಉಗುರಿನಲ್ಲಿ ಹಳದಿ ಮೇಣ ಬಂತು.

"ನಮ್ಮಪ್ಪ ನಿನ್ನ ನಂಬಿದ್ರು ಕಣ್ಲಾ ಕರಿಯ," ಎಂದ ಅವನು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅವನ ಕಣ್ಣಿನಲ್ಲಿ ನೀರಿತ್ತು. "ಊರ್ಗೆ ಊರೇ ನಿನ್ ಬಟ್ಲು ನಂಬಿತ್ತು. ಏನಾದ್ರೂ ಯೋಳೋದಿದ್ರೆ ಯೋಳು."

ಹೇಳುವುದಿತ್ತು. ಅದು ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮೇಣ ಕೊಟ್ಟವನು ನಿನ್ನ ಅಪ್ಪ ಎಂದರೆ ಸಾಕು, ಈ ಚಪ್ಪರದಲ್ಲಿ ತಲೆ ತಗ್ಗಿಸುವವನು ಬೇರೆಯಾಗುತ್ತಿದ್ದ. ತಿಮ್ಮರಾಜುವಿನ ಬಾಯಿ ತೆರೆಯಿತು. ಹಾರ ಹೊತ್ತ ಮುದುಕ ದೂರದಿಂದ ಅವನನ್ನೇ ನೋಡುತ್ತಿದ್ದ. ತಲೆಯನ್ನು ಒಮ್ಮೆ ಅತ್ತಿಂದಿತ್ತ ಅಲುಗಿಸಿದ, ಅಷ್ಟೆ. ಸತ್ತ ದೊಡ್ಡಗೌಡರು ಯಾವಾಗಲೂ ಮಾಡುತ್ತಿದ್ದಂತೆ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ.

"ಏನೂ ಇಲ್ಲ ಗೌಡ್ರೆ," ಎಂದ ಕರಿಯಯ್ಯ. "ನಂದೇ ಬುದ್ಧಿ."

ತಿಮ್ಮರಾಜು ಬಾಯಿ ಮುಚ್ಚಿಕೊಂಡ. ಆ ಊರಿಗೆ ಬಂದ ಮಾತುಗಳಲ್ಲಿ ಅದೊಂದಾದರೂ ಉಳಿಯಲಿ ಎಂದುಕೊಂಡನೋ, ಅಥವಾ ಮುದುಕನ ಕಣ್ಣಿಗೆ ಹೆದರಿದನೋ, ಅವನಿಗೇ ತಿಳಿಯಲಿಲ್ಲ.

ತಿರುಗಿ ಬರುವಾಗ ವಿಜಯೇಂದ್ರ ಕೇಂದ್ರದ ಜೀಪಿನಲ್ಲಿ ಜಾಗವಿದೆ ಎಂದ. ಒಂದೆರಡು ತಿಂಗಳಲ್ಲಿ ಜನ ಅರ್ಥ ಮಾಡಿಕೊಳ್ಳುತ್ತಾರೆ. ಸತ್ಯ ಹೊರಗೆ ಬಂದದ್ದು ಒಳ್ಳೆಯದೇ ಆಯಿತು. ನೀವು ಸುಳ್ಳು ಹೇಳಬಾರದಿತ್ತು, ಎಂದೂ ಹೇಳಿದ. ತಿಮ್ಮರಾಜು ಬಣ್ಣದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಕಿಕ್ಕೇರಿಯ ಕಡೆಗೆ ನಡೆದ. ಪಟಗಳನ್ನು ಅವನು ಮುಟ್ಟಲಿಲ್ಲ. ಅವು ಕೇಂದ್ರದವು.

ಸುಗ್ಗಿಗೆ ಮುಂಚೆ ಅವನು ಮತ್ತೊಮ್ಮೆ ಆ ಊರಿಗೆ ಹೋದ. ಯಾರೂ ಕರೆದಿರಲಿಲ್ಲ. ಹೊಸಹೊಳಲಿನಲ್ಲಿ ಒಂದು ಗೋಡೆಬರಹ ಮುಗಿಸಿ, ಪಾಂಡವಪುರದ ಬಸ್ಸನ್ನು ಬಿಟ್ಟು ಕಿಕ್ಕೇರಿಯ ಬಸ್ಸು ಹತ್ತಿದ್ದ. ತೂಬಿನ ಮೇಲೆ ಈಗ ಚಲುವರಾಜುವಿನ ಆಳು ಕೂತಿದ್ದ. ಅತ್ತಿಮರಕ್ಕೆ ಮೊಳೆ ಹೊಡೆದು ಒಂದು ಗೋಡೆಗಡಿಯಾರವನ್ನು ತೂಗುಹಾಕಿದ್ದರು. ಬಟ್ಟಲನ್ನು ವಿಜಯೇಂದ್ರ ಕೇಂದ್ರದ ಗಾಜಿನ ಪೆಟ್ಟಿಗೆಗೆ ಕೇಳಿ ಒಯ್ದನಂತೆ. ಗಡಿಯಾರ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಒಂದೇ ಹೊತ್ತು ಕೊಡುತ್ತಿತ್ತು. ತುತ್ತತುದಿಯಲ್ಲಿ ಮಾಯಮ್ಮನ ಗದ್ದೆ ಅರ್ಧ ಹಸಿರು, ಅರ್ಧ ಬಿಳಿಚಿ ನಿಂತಿತ್ತು. ಅವಳು ಬದುವಿನ ಮೇಲೆ ಕೂತಿದ್ದಳು. ಬಂದವನ ಗುರುತು ಹಿಡಿದು, ಪಟ ಬರಿಯೋನಲ್ವಾ, ಈಗ ಬಾ, ಈಗ ನಿಂಗೆ ಬರಿಯಾಕೆ ಬೋ ಚೆಂದಾಗದೆ ನನ್ ಗದ್ದೆ, ಎಂದಳು.

ಕರಿಯಯ್ಯ ತನ್ನ ಗುಡಿಸಲಿನ ಮುಂದೆ ಹಗ್ಗ ಹೊಸೆಯುತ್ತಿದ್ದ. ದ್ಯಾವಮ್ಮ ಒಳಗಿನಿಂದ ಬಗ್ಗಿ ನೋಡಿ, ಕೂರು ಎನ್ನದೆ ಒಳಗೆ ಹೋದಳು. ತಿಮ್ಮರಾಜು ನೆಲದ ಮೇಲೆ ಕೂತ. ತಾನು ಅಂದು ಏನು ಮಾಡಲು ನೋಡಿದೆ, ಅಯ್ನೋರು ಏನು ತಿಳಿದೂ ಸುಮ್ಮನಿದ್ದರು, ಬಟ್ಟಲಿನ ಸಂಗತಿ ತನಗೆ ಹೇಗೆ ತಿಳಿಯದೇ ಹೋಯಿತು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದ. ಮುದುಕ ಕೇಳಿಸಿಕೊಂಡ.

"ನೀನು ಸುಳ್ಳು ಯೋಳ್ದೆ. ಅದು ಸರಿ ಕಣಪ್ಪ," ಎಂದ. "ದೊಡ್ಗೌಡ್ರ ವಿಸ್ಯ ಬಾಯ್ಬುಡ್ಲಿಲ್ಲ. ಅದೂ ಸರಿ."

ಹಗ್ಗದ ಎಳೆ ಮುಗಿದಿತ್ತು. ಅವನು ಇನ್ನೊಂದು ಹಿಡಿ ನಾರು ಸೇರಿಸಿದ.

"ಆ ಕೈ ಯಾಕೆ ಅಷ್ಟು ಚೆಂದಾಗಿ ಬರ್ದೆ?"

ನಾಗಮಂಗಲದಲ್ಲಿ ಆ ಕೈಯನ್ನು ಕಂಡೇ ಕೌಸಲ್ಯ ಪಟವನ್ನು ಈ ಊರಿಗೆ ತರಿಸಿದ್ದರೆಂಬುದು ತಿಮ್ಮರಾಜುವಿಗೆ ನೆನಪಾಯಿತು. ಕರಿಯಯ್ಯ ಉತ್ತರಕ್ಕೆ ಕಾಯಲಿಲ್ಲ. ಆ ಹೊತ್ತಿಗೆ ಕೆರೆಯ ಕಡೆಯಿಂದ, ಹೊತ್ತಾಯ್ತು, ಮಡೆ ಕಟ್ಟಿ, ನೀರು ನಿಲ್ಸಿ ಎಂಬ ಕೂಗು ಕೇಳಿಸಿತು. ತುದಿಯ ಗದ್ದೆಯ ಸರದಿ ಮುಗಿದಿತ್ತು. ಮುದುಕ ಹಗ್ಗವನ್ನು ಕೆಳಗಿಟ್ಟು, ಎಡಗೈಯನ್ನು ಟವೆಲಿನೊಳಗೆ ಸೇರಿಸಿಕೊಂಡು, ಕೂಗು ಬಂದ ದಿಕ್ಕಿಗೆ ಬೆನ್ನು ಹಾಕಿ ಕೂತ.